ಹಿಪ್ಪುನೇರಳೆ ತೋಟದ ಕೆಳಗಿನ ಗಾಡಿದಾರಿ

ಕಳೆದ ವಾರ ಮುಳಬಾಗಿಲಿನಲ್ಲಿ ಆರೋಗ್ಯಮ್ಮನವರ ಮಣ್ಣಿಗೆ ಹೋಗಿದ್ದೆ. ಪ್ರಾರ್ಥನೆ ಮುಗಿದು, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದ ಮೇಲೆ ಅವರ ಮಗಳು ಮೇರಿ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳ ಸೀರೆಯಿಂದ ರೇಷ್ಮೆ ಹುಳುಮನೆಯ ವಾಸನೆ ಬಂತು. ಹಸಿ ಹಿಪ್ಪುನೇರಳೆ ಸೊಪ್ಪು, ಹುಳುವಿನ ಹಿಕ್ಕೆ, ನೆಲಕ್ಕೆ ಉದುರಿಸಿದ ಸುಣ್ಣ, ಮೂರೂ ಬೆರೆತ ವಾಸನೆ ಅದು. ಎಷ್ಟು ಒಗೆದರೂ ಬಟ್ಟೆ ಬಿಟ್ಟು ಹೋಗುವುದಿಲ್ಲ. ತಾಯಿ ಮಾಡುತ್ತಿದ್ದ ಕೂಲಿಯನ್ನೇ ಮಗಳೂ ಮಾಡುತ್ತಿದ್ದಾಳೆ ಎಂದು ಕೇಳದೆಯೇ ಗೊತ್ತಾಯಿತು.

"ಅಮ್ಮನ್ನ ಊರಲ್ಲಿ ಅಪ್ಪನ ಪಕ್ಕ ಇಡೋಕಾಗ್ಲಿಲ್ಲ ಅಕ್ಕ," ಎಂದಳು. "ಅದೊಂದೇ ಕೇಳ್ತಿದ್ಲು. ಕೆರೆ ಕೋಡಿ ಬಿದ್ದೈತೆ, ದಾರಿ ಇಲ್ಲ. ಅದಕ್ಕೇ ಇಲ್ಲಿಗೆ ತಂದ್ವಿ."

ದಾರಿ ಇದೆ. ಎಲ್ಲಿದೆ ಎಂದೂ ನನಗೆ ಗೊತ್ತು. ಒಂಬತ್ತು ವರ್ಷದಿಂದ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತವಳು ನಾನು. ಮೇರಿಯ ಬೆನ್ನು ಸವರುತ್ತ ನಿಂತೆ, ಅಷ್ಟೇ. ಆ ವಾಸನೆ ಮಾತ್ರ ನನ್ನನ್ನು ಎಳೆದುಕೊಂಡು ಹೋಗಿ ಆ ವರ್ಷದ ಮಳೆಗಾಲದಲ್ಲಿ ನಿಲ್ಲಿಸಿತು.

ನಮ್ಮೂರು ತಾಯಲೂರಿನಿಂದ ನಾಲ್ಕು ಮೈಲಿ ಒಳಗೆ. ಊರಿನ ಮೂಡಣಕ್ಕೆ ದೊಡ್ಡ ಕೆರೆ. ಕೆರೆಯ ಆಚೆ ದಡದ ದಿಣ್ಣೆಯ ಮೇಲೆ ಸಾಬರ ಖಬರಸ್ಥಾನ, ಅದಕ್ಕೆ ಅಂಟಿಕೊಂಡು ಕ್ರಿಶ್ಚಿಯನ್ನರ ಸಮಾಧಿಗಳು, ಅದರ ಪಕ್ಕ ಕಾಲೋನಿಯವರ ಸ್ಮಶಾನ. ನಮ್ಮಂಥ ಜಮೀನಿರುವ ಗೌಡರಿಗೆ ಅಲ್ಲಿ ಕೆಲಸವಿಲ್ಲ. ನಮ್ಮವರನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಈ ಒಂದು ವಿಷಯ ಓದುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ನಾನು ಹುಟ್ಟಿದಾಗಿನಿಂದ ಆ ಕೆರೆಯಲ್ಲಿ ನೀರು ನಿಂತದ್ದನ್ನು ಕಂಡಿರಲಿಲ್ಲ. ಅಂಗಳದ ತುಂಬ ಜಾಲಿ. ಯಾರಾದರೂ ತೀರಿಕೊಂಡರೆ ಜಾಲಿಯ ನಡುವೆ ಸವೆದಿದ್ದ ಕಾಲುದಾರಿಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು, ಹತ್ತು ನಿಮಿಷದ ನಡಿಗೆ. ನೀರಿದ್ದ ಕಾಲದಲ್ಲಿ ಬೇರೊಂದು ದಾರಿ ಇದ್ದಿರಬೇಕಲ್ಲ ಎಂದು ಯಾರೂ ಯೋಚಿಸಲಿಲ್ಲ. ಕೆರೆ ಬತ್ತಿದ್ದರಿಂದ ಊರಿಗೆ ಆದ ಅನುಕೂಲ ಅದೊಂದೇ, ಆ ಅನುಕೂಲದಲ್ಲಿ ಹಳೆಯ ದಾರಿ ಮರೆತೇಹೋಯಿತು.

ಆ ವರ್ಷ ಉತ್ತರೆ ಮಳೆ ಹಿಡಿದದ್ದು ಚಿತ್ತೆ ಮುಗಿದರೂ ಬಿಡಲಿಲ್ಲ. ಒಂದು ಬೆಳಿಗ್ಗೆ ಊರಿಗೆ ಊರೇ ಕಟ್ಟೆಯ ಮೇಲೆ ನಿಂತಿತ್ತು. ಕೆಂಪು ನೀರು ಜಾಲಿಯ ತಲೆ ಮುಳುಗಿಸಿ ಬರುತ್ತಿತ್ತು. ಗಂಗಮ್ಮನ ಪೂಜಾರಿ ಮುನಿಶಾಮಪ್ಪ ಕಾಲೋನಿಯಿಂದ ತಮಟೆ ಹೊಡೆಸಿಕೊಂಡು ಬಂದು ಕೆರೆಗೆ ಬಾಗಿನ ಬಿಟ್ಟರು. ಮಸೀದಿಯ ಹಿರಿಯರಾದ ಅಮೀರ್ ಸಾಬ್, ತಾಯಲೂರಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು, ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದು, "ಇನ್ಮೇಲೆ ನನ್ನ ಅಂಗಡಿಗೆ ಯಾವನು ಬರ್ತಾನಪ್ಪ," ಎಂದು ನಗಿಸಿದರು. ಆರೋಗ್ಯಮ್ಮ ಗಂಡ ಚಿನ್ನಪ್ಪನ ಕೈ ಹಿಡಿದುಕೊಂಡು ನಿಂತಿದ್ದರು. ಚಿನ್ನಪ್ಪನಿಗೆ ಮೊದಲಿನಿಂದ ನೀರೆಂದರೆ ಭಯ. ಕಟ್ಟೆಯ ಅಂಚಿಗೂ ಬರಲಿಲ್ಲ.

ಹತ್ತು ದಿನವೂ ಆಗಿರಲಿಲ್ಲ, ಚಿನ್ನಪ್ಪ ಮಲಗಿದ್ದಲ್ಲೇ ಹೋಗಿಬಿಟ್ಟರು.

ಪೆಟ್ಟಿಗೆ ಸಿದ್ಧವಾಗಿ, ಹಾಡು ಮುಗಿದು, ಹೊತ್ತುಕೊಂಡು ಹೊರಟ ಮೇಲೆಯೇ ಜನಕ್ಕೆ ಹೊಳೆದದ್ದು: ಎಲ್ಲಿಂದ ಹೋಗುವುದು? ಕೆರೆಯ ಏರಿ ಸುತ್ತೋಣವೆಂದರೆ ಕೋಡಿಯ ಬಳಿ ಕೊರಕಲು ಬಿದ್ದು ನೀರು ಧುಮುಕುತ್ತಿತ್ತು. ಹೊಲಗಳ ಮೇಲೆ ಹೋಗೋಣವೆಂದರೆ ತೆನೆ ಬಿಟ್ಟ ರಾಗಿ, ಆಮೇಲೆ ನಮ್ಮ ಹಿಪ್ಪುನೇರಳೆ ತೋಟ, ಅದಕ್ಕೆ ಮುಳ್ಳುತಂತಿ. ಕೊನೆಗೆ ಅಮೀರ್ ಸಾಬ್ ಪಂಚರ್ ಅಂಗಡಿಯಿಂದ ಮೂರು ಲಾರಿ ಟ್ಯೂಬು ತರಿಸಿ, ಮೇಲೆ ಒಂದು ಬಾಗಿಲು ಕಟ್ಟಿ, ಅದರ ಮೇಲೆ ಪೆಟ್ಟಿಗೆ ಇಡಿಸಿದರು. ಈಜು ಬಲ್ಲ ಆರು ಜನ ಎಳೆದುಕೊಂಡು ಹೋದರು. ನಡುನೀರಿನಲ್ಲಿ ಒಂದು ಟ್ಯೂಬು ಜಾರಿ ಪೆಟ್ಟಿಗೆಯ ಮೂಲೆ ಮುಳುಗಿತು. ದಡದಲ್ಲಿದ್ದ ಆರೋಗ್ಯಮ್ಮ ಗಟ್ಟಿಯಾಗಿ ಅಳಲೂ ಇಲ್ಲ. "ಅವ್ರಿಗೆ ನೀರಂದ್ರೆ ಭಯ, ಅವ್ರಿಗೆ ನೀರಂದ್ರೆ ಭಯ," ಎಂದು ಅದನ್ನೇ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಆರೋಗ್ಯಮ್ಮ ನಮ್ಮ ಹುಳುಮನೆಗೆ ಕೂಲಿಗೆ ಬರುತ್ತಿದ್ದವರು. ಹಣ್ಣಾದ ಹುಳುವನ್ನು ಮುಟ್ಟಿದ ತಕ್ಷಣ ತಿಳಿಯುವ ಕೈ ಅವರದು. ಗೂಡು ಕಟ್ಟಲು ತಯಾರಾದವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುವಾಗ ಅವರಿಲ್ಲದೆ ನಮಗೆ ನಡೆಯುತ್ತಿರಲಿಲ್ಲ. ಆಗೆಲ್ಲ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಮನೆಯ ರೂಢಿ. ಈಗ ಮರ್ಯಾದೆ ಕೊಟ್ಟು ಬರೆಯುತ್ತಿದ್ದೇನೆ. ಕೇಳಿಸಿಕೊಳ್ಳಲು ಅವರಿಲ್ಲ.

ನಾನಾಗ ತಾಯಲೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಜೆರಾಕ್ಸಿಗಿಂತ ಹೆಚ್ಚು ಅರ್ಜಿ ಬರೆಯುವುದೇ ಕೆಲಸ. ರೇಷನ್ ಕಾರ್ಡು, ವಿಧವಾ ವೇತನ, ಖಾತೆ ಬದಲಾವಣೆ, ಏನೇ ಇರಲಿ, "ರತ್ನಮ್ಮನ ಕೈಲಿ ಬರೆಸಿದ್ರೆ ವಾಪಸ್ ಬರಲ್ಲ" ಎಂಬ ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ವಿಪರೀತ ಅಭಿಮಾನ. ಚಿನ್ನಪ್ಪನ ಮಣ್ಣಾದ ಮೂರನೇ ದಿನ ಅಮೀರ್ ಸಾಬ್, ಮುನಿಶಾಮಪ್ಪ, ಮುಳಬಾಗಿಲಿನಿಂದ ಟಿವಿಎಸ್‌ನಲ್ಲಿ ಬರುವ ಪಾಸ್ಟರ್, ಮೂವರೂ ಒಟ್ಟಿಗೆ ಅಂಗಡಿಗೆ ಬಂದರು.

"ಇವತ್ತು ಚಿನ್ನಪ್ಪ, ನಾಳೆ ನಮ್ಮನೇದು," ಎಂದರು ಅಮೀರ್ ಸಾಬ್. "ಮೂರು ಕಡೆಯೋರೂ ಸೇರಿ ಒಂದು ದಾರಿ ಕೇಳೋಣ ಅಂತಿದ್ದೀವಿ. ನೀನು ಅರ್ಜಿ ಬರೀಬೇಕು, ನಮ್ಮ ಕಮಿಟಿಗೆ ಕಾರ್ಯದರ್ಶಿನೂ ಆಗ್ಬೇಕು."

"ನಾನ್ಯಾಕೆ ಸಾಬ್? ನಿಮ್ಮಲ್ಲೇ ಯಾರಾದ್ರೂ ಆಗಿ."

ಮುನಿಶಾಮಪ್ಪ ಮುಚ್ಚುಮರೆ ಇಲ್ಲದ ಮನುಷ್ಯ. "ನಾವು ಹೋದ್ರೆ ಕಚೇರಿ ಬಾಗಿಲಲ್ಲಿ ನಿಲ್ಲಿಸ್ತಾರೆ. ವೆಂಕಟೇಗೌಡ್ರ ಮಗಳು ಜೊತೇಲಿದ್ರೆ ಕುರ್ಚಿ ಹಾಕ್ತಾರೆ. ಅದಕ್ಕೇ ಕಣಮ್ಮ," ಎಂದರು.

ಹಿಗ್ಗಿ ಒಪ್ಪಿಕೊಂಡೆ. ಸುಳ್ಳೇಕೆ ಹೇಳಲಿ, ಟ್ಯೂಬಿನ ಮೇಲೆ ತೇಲಿದ ಪೆಟ್ಟಿಗೆ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಅದರ ಜೊತೆಗೆ, ಮೂರು ದೇವರ ಜನ ನನ್ನನ್ನು ಹುಡುಕಿಕೊಂಡು ಬಂದರಲ್ಲ ಎಂಬ ಹೆಮ್ಮೆಯೂ ಇತ್ತು.

ಸಭೆಗಳು ಶುರುವಾದವು. ಮಂಗಳವಾರ ಗಂಗಮ್ಮನ ಗುಡಿಯ ಜಗಲಿ, ಶುಕ್ರವಾರ ನಮಾಜಾದ ಮೇಲೆ ಮಸೀದಿಯ ಅಂಗಳ, ಭಾನುವಾರ ಚರ್ಚಿನ ಬೆಂಚು. ಯಾರ ಜಾಗವೋ ಅವರು ಟೀ ಕೊಡಬೇಕು. ಮೊದಲ ಸಭೆಯಲ್ಲಿ ಯಾರ ಪ್ರಾರ್ಥನೆಯಿಂದ ಶುರು ಮಾಡುವುದೆಂದು ಅರ್ಧ ಗಂಟೆ ಚರ್ಚೆಯಾಯಿತು. "ಎಲ್ರೂ ಸುಮ್ನೆ ಎದ್ದು ನಿಂತು ಅವರವರ ದೇವ್ರಿಗೆ ಮನಸ್ಸಲ್ಲೇ ಹೇಳ್ಕೊಳ್ಳಿ, ಅರ್ಜಿ ಕೆಲಸ ಐತೆ," ಎಂದು ಆರೋಗ್ಯಮ್ಮನೇ ತೀರ್ಮಾನ ಮಾಡಿದ್ದು. ಅಂದಿನಿಂದ ಹಾಗೇ ನಡೆಯಿತು. ಮನೆಮನೆಯಿಂದ ಒಂದು ಹಿಡಿ ರಾಗಿ ಎತ್ತುವುದೆಂದೂ ಮಾತಾಯಿತು. ಮುಂದೆ ಧರಣಿ ಕೂತರೆ ಊಟಕ್ಕಾಗಲಿ ಎಂದು. ಚೀಲ ಹಿಡಿದು ಮೂರೂ ಬೀದಿ ಸುತ್ತಿದವರು ಆರೋಗ್ಯಮ್ಮ ಮತ್ತು ಅಮೀರ್ ಸಾಬರ ಹೆಂಡತಿ. ನಮ್ಮ ಮನೆಯಿಂದಲೂ ಅಮ್ಮ ಒಂದು ಮೊರದಷ್ಟು ಕೊಟ್ಟಳು.

ಮೂರನೇ ಸಭೆಯಲ್ಲಿ ಮುನಿಶಾಮಪ್ಪ ತಲೆ ಕೆರೆದುಕೊಂಡು, "ನಮ್ಮಪ್ಪ ಹೇಳ್ತಿದ್ದ, ಕೆರೆ ತುಂಬಿದ್ದಾಗ ಎಲ್ಲೋ ಮೇಲ್ಗಡೆ ಗಾಡಿದಾರಿ ಇತ್ತು ಅಂತ. ಎಲ್ಲಿ ಅಂತ ಗೊತ್ತಿಲ್ಲ," ಎಂದರು.

"ಹಳೇ ನಕಾಶೆ ತೆಗೆಸಿದ್ರೆ ಗೊತ್ತಾಗ್ತದೆ," ಎಂದೆ. ತಿಳಿದವಳಲ್ಲವೇ ನಾನು. "ನಕಾಶೆಯಲ್ಲಿ ದಾರಿ ಕಂಡ್ರೆ ಯಾರನ್ನೂ ಬೇಡೋದು ಬೇಕಾಗಿಲ್ಲ. ಅದು ಸಾರ್ವಜನಿಕರದ್ದೇ. ಒತ್ತುವರಿ ಆಗಿದ್ರೆ ಬಿಡಿಸಿ ಕೊಡ್ತಾರೆ."

ಎಲ್ಲರ ಮುಖ ಅರಳಿತು. ನನಗೇ ಒಪ್ಪಿಸಿದರು.

ನಕಾಶೆಯ ನಕಲು ಕೈಗೆ ಬಂದಾಗ ತಾಲ್ಲೂಕು ಕಚೇರಿಯ ಹೊರಗಿನ ಹೊಂಗೆಮರದ ಕೆಳಗೆ ನಿಂತು ಬಿಚ್ಚಿದೆ. ಊರಿನಿಂದ ಹೊರಟ ಎರಡು ಚುಕ್ಕೆಗೆರೆ ಕೆರೆಯ ನೀರಿನ ಅಂಚಿಗಿಂತ ಮೇಲೆ ಸುತ್ತಿಕೊಂಡು ನೆಟ್ಟಗೆ ದಿಣ್ಣೆಗೆ ಹೋಗಿತ್ತು. ಬೆರಳಿಟ್ಟು ಅನುಸರಿಸಿದೆ. ಒಂದು ಕಡೆ ನಮ್ಮ ಸರ್ವೆ ನಂಬರು, ಇನ್ನೊಂದು ಕಡೆಯೂ ನಮ್ಮದೇ. ನಡುವೆ ದಾರಿ. ಮೂಲೆಯ ಹುಣಸೆಮರದ ಲೆಕ್ಕ ಹಿಡಿದು ನೋಡಿದರೆ ಅಪ್ಪ ಹಿಂದಿನ ಬೇಸಿಗೆಯಲ್ಲಿ ಕಟ್ಟಿದ ಹೊಸ ಹುಳುಮನೆ ನಿಂತದ್ದು ಸರಿಯಾಗಿ ಆ ದಾರಿಯ ಮೇಲೆಯೇ. ತಾತನ ಕಾಲದಲ್ಲೇ ಯಾರೂ ಓಡಾಡದ ದಾರಿಯನ್ನು ಉತ್ತು ಕಡ್ಡಿ ನೆಟ್ಟುಬಿಟ್ಟಿದ್ದರು.

ನನಗೆ ಒಂದು ಹಳೆಯ ಮಾತೂ ನೆನಪಾಯಿತು. ಚಿಕ್ಕವಳಿದ್ದಾಗ ಹುಳು ಆರಿಸುತ್ತ ಆರೋಗ್ಯಮ್ಮ ಹೇಳಿದ್ದರು: "ನಾನು ಮದುವೆ ಆಗಿ ಬಂದಾಗ ಎತ್ತಿನಗಾಡಿ ಈ ಹುಣಸೆಮರದ ಕೆಳಗೇ ನಿಂತಿದ್ದು. ಬಂಡಿ ಅಚ್ಚು ಮುರಿದೋಯ್ತು. ಮದುಮಗಳು ಬಿಸಿಲಲ್ಲಿ ಕೂತಿದ್ದೆ ತಲ್ಲೀ." ತಲ್ಲಿ ಎಂದರೆ ತೆಲುಗಿನಲ್ಲಿ ತಾಯಿ, ನನ್ನನ್ನು ಹಾಗೇ ಕರೆಯುತ್ತಿದ್ದರು. ಆಗ ನಕ್ಕಿದ್ದೆ. ಅಲ್ಲಿ ಗಾಡಿ ಯಾಕೆ ಬಂತೆಂದು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಸೊಪ್ಪು ಕೊಯ್ಯುವಾಗ ಅಪ್ಪನಿಗೆ ಹೇಳಿದೆ. ಅಪ್ಪ ತಲೆ ಎತ್ತಲಿಲ್ಲ. ಎಡಗೈಯಲ್ಲಿ ಕಡ್ಡಿ ಬಾಗಿಸಿ ಬಲಗೈಯಲ್ಲಿ ಕುಡುಗೋಲು ಎಳೆಯುತ್ತಲೇ ಇದ್ದರು.

"ಗೊತ್ತು," ಎಂದರು ಕೊನೆಗೆ.

"ಮತ್ತೆ?"

"ಮತ್ತೇನು? ಹೆಣಗಳೆಲ್ಲ ಹುಳುಮನೆ ಮುಂದೆ ಹೋಗ್ಬೇಕಾ? ಈಗ ಹುಳು ನಾಲ್ಕನೇ ಜ್ವರದಲ್ಲಿ ಅವೆ. ಏನೂ ಎತ್ತಬೇಡ. ಗೂಡು ಆಗ್ಲಿ, ಆಮೇಲೆ ನೋಡೋಣ."

ಹುಳು ಸಾಕದವರಿಗೆ ಇದು ತಿಳಿಯದು. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ ಅಲುಗಾಡದೆ ಕೂತು ಪೊರೆ ಕಳಚುತ್ತದೆ. ಅದನ್ನು ಜ್ವರ ಎನ್ನುತ್ತೇವೆ. ಆ ದಿನಗಳಲ್ಲಿ ಹುಳುಮನೆಗೆ ದೇವರಮನೆಗಿಂತ ಹೆಚ್ಚು ಮಡಿ. ಸಾವಿನ ಮನೆಗೆ ಹೋಗಿ ಬಂದವರು ಹನ್ನೊಂದು ದಿನ ಹೊಸಿಲು ದಾಟುವಂತಿಲ್ಲ. ಹೆಣ ಎದುರಿಗೆ ಹಾದರೆ ಹುಳು ಬೆಳ್ಳಗೆ ಸೆಟೆದು ಸುಣ್ಣಕಟ್ಟಿ ಸಾಯುತ್ತವೆ ಎಂಬ ಹೆದರಿಕೆ ಅಪ್ಪನದೊಬ್ಬರದೇ ಅಲ್ಲ, ಸುತ್ತಿನ ಹಳ್ಳಿಗಳೆಲ್ಲದರದು. ಚಿನ್ನಪ್ಪ ಸತ್ತಾಗ ಆರೋಗ್ಯಮ್ಮನನ್ನೂ ಹನ್ನೊಂದು ದಿನ ಹೊರಗಿಟ್ಟಿದ್ದೆವು. ಹನ್ನೆರಡನೇ ದಿನ ಅವರೇ ತಲೆಗೆ ಸ್ನಾನ ಮಾಡಿ ಬಂದು ಕೆಲಸಕ್ಕೆ ಕೂತರು.

ಗೂಡು ಆಗಲಿ ಎಂದು ನಾನೂ ಅಂದುಕೊಂಡೆ. ಆ ಸಂಜೆ ಮಸೀದಿಯ ಅಂಗಳದಲ್ಲಿ ಎಲ್ಲರೂ ಕಾಯುತ್ತಿದ್ದರು. ಟೀ ಲೋಟ ಕೈಗೆ ಕೊಟ್ಟು ಅಮೀರ್ ಸಾಬ್ ಕೇಳಿದರು, "ನಕಾಶೆ ಸಿಕ್ತೇನಮ್ಮ?"

"ಆ ಹಾಳೆ ಹರಿದುಹೋಗಿದೆಯಂತೆ ಸಾಬ್. ಸಿಗಲ್ಲ ಅಂದ್ರು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ನಕಾಶೆ ಆ ಹೊತ್ತಿನಲ್ಲಿ ನನ್ನ ಬ್ಯಾಗಿನಲ್ಲೇ ಇತ್ತು, ಬ್ಯಾಗು ನನ್ನ ತೊಡೆಯ ಮೇಲಿತ್ತು. ಎದುರಿಗೆ ಕೂತಿದ್ದ ಆರೋಗ್ಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಪಾಸ್ಟರ್ ಮಾತ್ರ, "ಪರವಾಗಿಲ್ಲ, ದೇವರು ಇನ್ನೊಂದು ದಾರಿ ತೋರಿಸ್ತಾನೆ," ಎಂದು ನನಗೇ ಸಮಾಧಾನ ಹೇಳಿದರು.

ಇನ್ನೊಂದು ದಾರಿಯನ್ನು ತೋರಿಸಿದವಳು ನಾನೇ. ಅರ್ಜಿಯಲ್ಲಿ "ಕೆರೆ ಏರಿಯ ಮೇಲೆ ಸ್ಮಶಾನಕ್ಕೆ ದಾರಿ ಮಾಡಿಕೊಡಬೇಕು" ಎಂದು ಬರೆದೆ. ಅರ್ಜಿ ಬರೆಯುವವರಿಗೆ ಗೊತ್ತಿರುವ ಒಂದು ಗುಟ್ಟಿದೆ. ಕಚೇರಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಏರಿ ಎಂದು ಬರೆದರೆ ಏರಿಯನ್ನೇ ಅಳೆಯುತ್ತಾರೆ, ಹಿಪ್ಪುನೇರಳೆ ತೋಟದ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ನನ್ನ ಇಷ್ಟು ವರ್ಷದ ಕಸುಬನ್ನೆಲ್ಲ ಆ ಒಂದು ಸಾಲಿಗೆ ಸುರಿದಿದ್ದೆ.

ಅರ್ಜಿ ಕೊಟ್ಟು ತಿಂಗಳಾದರೂ ಉತ್ತರ ಬರಲಿಲ್ಲ. ಅಷ್ಟರಲ್ಲಿ ನಮ್ಮ ಗೂಡು ಆಯಿತು, ಮಾರಿದ್ದೂ ಆಯಿತು. ಅಪ್ಪ ಹುಳುಮನೆ ತೊಳೆದು ಮತ್ತೆ ಮರಿಹುಳು ತಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಜ್ವರ, ಮೂರನೇ ಜ್ವರ. ನಮ್ಮ ಮನೆಯಲ್ಲಿ ಹುಳು ಇಲ್ಲದ ದಿನ ಎಂಬುದು ಇರಲೇ ಇಲ್ಲ. ನನಗೂ ಅದು ಬೇಕಾಗಿತ್ತು.

ಅವರೆಕಾಯಿ ಕಾಲದಲ್ಲಿ ಧರಣಿ ಕೂತೆವು. ಕಚೇರಿಯ ಮುಂದಿನ ಬಯಲಿನಲ್ಲಿ ಶಾಮಿಯಾನ, ಹಿಂದೆ ಮೂರು ಕಲ್ಲಿನ ಒಲೆ. ಹಿಡಿಹಿಡಿಯಾಗಿ ಎತ್ತಿದ ರಾಗಿಯ ಮುದ್ದೆ, ಅವರೆಕಾಳಿನ ಸಾರು. ಸೊಗಡಿನ ಘಮಕ್ಕೆ ಕಚೇರಿಯ ಜವಾನರೂ ತಟ್ಟೆ ಹಿಡಿದು ಬಂದರು. ಮುದ್ದೆ ಕಟ್ಟಿದವರು ಕಾಲೋನಿಯ ಹೆಂಗಸರು. ಒಂದೇ ಪಂಕ್ತಿಯಲ್ಲಿ ಪೂಜಾರಿ, ಪಾಸ್ಟರ್, ಅಮೀರ್ ಸಾಬ್, ನಾನು ಕೂತು ತಿಂದೆವು. ಶುಕ್ರವಾರ ಮಧ್ಯಾಹ್ನ ಬಯಲಿನಲ್ಲೇ ನಮಾಜಿಗೆ ನಿಂತಾಗ ತುಂತುರು ಬಂತು. ಚರ್ಚಿನ ಹೆಂಗಸರು ಟಾರ್ಪಾಲಿನ ನಾಲ್ಕು ಮೂಲೆ ಹಿಡಿದು ಮುಗಿಯುವ ತನಕ ನಿಂತರು. ಆರೋಗ್ಯಮ್ಮ ಗಿಡ್ಡ, ಅವರ ಮೂಲೆಯಿಂದ ನೀರು ಸುರಿದು ಅವರೇ ತೊಯ್ದರು. ನನ್ನ ಜೀವನದಲ್ಲಿ ಅಂಥ ಒಳ್ಳೆಯ ಐದು ದಿನ ನಾನು ಕಂಡಿಲ್ಲ. ಆ ಐದೂ ದಿನ ನನಗೆ ಊಟ ಸೇರಲಿಲ್ಲ.

"ಯಾಕಮ್ಮ, ಮುದ್ದೆ ಗಟ್ಟಿಯಾಯ್ತಾ?" ಎಂದು ಮುನಿಶಾಮಪ್ಪ ಕೇಳುತ್ತಿದ್ದರು.

ಆರನೇ ದಿನ ಸ್ಥಳ ನೋಡಲು ರೆವಿನ್ಯೂ ಇನ್ಸ್‌ಪೆಕ್ಟರು ಬಂದರು. ಏರಿಯ ಮೇಲೆ ಟೇಪು ಹಿಡಿಸಿ, ಎಲ್ಲ ಬರೆದುಕೊಂಡು, ಹೊರಡುವ ಮುಂಚೆ ವಾಡಿಕೆಯಂತೆ ಕೇಳಿದರು: "ಹಿರಿಯರು ಯಾರಾದರೂ ಇದ್ದೀರಾ? ಹಿಂದೆ ಸ್ಮಶಾನಕ್ಕೆ ಬೇರೆ ದಾರಿ ಇತ್ತಾ?"

ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಆರೋಗ್ಯಮ್ಮ. ಎಲ್ಲರೂ ಅವರತ್ತ ತಿರುಗಿದರು. ಅವರು ನನ್ನತ್ತ ತಿರುಗಿದರು. ಅಪ್ಪ ಹುಳುಮನೆಯ ಬಾಗಿಲಲ್ಲಿ ನಿಂತು ದೂರದಿಂದ ನೋಡುತ್ತಿದ್ದರು. ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ.

"ವಯಸ್ಸಾಯ್ತು ಸ್ವಾಮಿ, ನೆನಪಿಲ್ಲ," ಎಂದರು ಆರೋಗ್ಯಮ್ಮ.

ಇನ್ಸ್‌ಪೆಕ್ಟರು ಅದನ್ನು ಬರೆದುಕೊಂಡು ಹೋದರು.

ಆ ಸಂಜೆ ಆರೋಗ್ಯಮ್ಮ ಎಂದಿನಂತೆ ಕೆಲಸಕ್ಕೆ ಬಂದರು. ಹುಳುಮನೆಯ ಹೊರಗೆ ಔಷಧದ ನೀರಿನ ತೊಟ್ಟಿಯಲ್ಲಿ ಕೈ ಅದ್ದುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದರು. "ನೀನು ಹೇಳ್ತೀಯ ಅಂದ್ಕೊಂಡಿದ್ದೆ ತಲ್ಲೀ."

"ನೀನೇ ಯಾಕೆ ಹೇಳಲಿಲ್ಲ?" ಎಂದು ತಿರುಗಿ ಕೇಳಿದೆ. ಕೇಳಿದ್ದು ಸಿಟ್ಟಿನಲ್ಲಿ. ನನ್ನ ತಪ್ಪಿಗೆ ಅವರ ಮೇಲೆ ಸಿಟ್ಟು.

"ನಾನು ಹೇಳಿದ್ರೆ ನಾಳೆಯಿಂದ ಈ ಬಾಗಿಲು ನಂಗಿಲ್ಲ. ಮೇರಿನ ಓದಿಸ್ಬೇಕು. ನೀನು ಹೇಳಿದ್ರೆ ನಿಮ್ಮಪ್ಪ ನಾಕು ದಿನ ಮಾತು ಬಿಡ್ತಾನೆ, ಅಷ್ಟೇ ಅಲ್ವಾ."

ಕೈ ಒರೆಸಿಕೊಂಡು ಒಳಗೆ ಹೋದರು. ಅದಾದ ಮೇಲೆ ಸಾಯುವ ತನಕ ಆ ಮಾತು ಎತ್ತಲಿಲ್ಲ. ನನ್ನ ಮೇಲಿನ ಪ್ರೀತಿಯನ್ನೂ ಕಡಿಮೆ ಮಾಡಲಿಲ್ಲ. ಅವರು ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಬೇಸಿಗೆಯ ಹೊತ್ತಿಗೆ ಏರಿಯ ಮೇಲೆ ಜಲ್ಲಿ ಬಿತ್ತು. ನಾವು ಗೆದ್ದೆವು. ಮುಕ್ಕಾಲು ಗಂಟೆಯ ಸುತ್ತು, ಕೋಡಿ ಹರಿದರೆ ಆ ದಾರಿಯೂ ಕಟ್ಟು. ಆದರೂ ಮೂರು ಬೀದಿಯವರು ಸೇರಿ ಸಾಧಿಸಿದ್ದಲ್ಲವೇ, ಗಂಗಮ್ಮನ ಗುಡಿಯ ಮುಂದೆ ಸಮಾರಂಭ ಇಟ್ಟರು. ಹಾರ, ಹಣ್ಣಿ‌ನ ಬುಟ್ಟಿ, ಕಾರ್ಯದರ್ಶಿಗೆ ಶಾಲು. ಶಾಲು ಹೊದಿಸಲು ಅಮೀರ್ ಸಾಬ್ ಆರೋಗ್ಯಮ್ಮನನ್ನೇ ಕರೆದರು. ಅವರು ತುದಿಗಾಲಲ್ಲಿ ನಿಂತು ಹೊದಿಸಿ, ನನ್ನ ಕೆನ್ನೆ ಮುಟ್ಟಿ ನೆಟಿಗೆ ಮುರಿದರು. ಚಪ್ಪಾಳೆ ಬಿತ್ತು. ನಾನು ಕೈಮುಗಿದೆ. ಮನೆಗೆ ಬಂದು ಶಾಲನ್ನು ಟ್ರಂಕಿನ ತಳಕ್ಕೆ ಹಾಕಿ ಅದರ ಮಡಿಕೆಯೊಳಗೆ ನಕಾಶೆ ಇಟ್ಟೆ.

ಮದುವೆಯಾಗಿ ಕೋಲಾರಕ್ಕೆ ಬಂದೆ, ಟ್ರಂಕೂ ಬಂತು. ತೋಟ, ಹುಳುಮನೆಯನ್ನು ತಮ್ಮ ಮಂಜುನಾಥನಿಗೆ ಬಿಟ್ಟು ಅಪ್ಪ ತೀರಿಕೊಂಡಾಗ ಹುಣಸೆಮರದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನಮ್ಮದೇ ತೋಟದಲ್ಲಿ ಮಣ್ಣು ಮಾಡಿದೆವು. ನಮಗೆ ಯಾವ ದಾರಿಯೂ ಬೇಕಾಗಲಿಲ್ಲ. ಅವತ್ತು ಹೆಗಲು ಕೊಟ್ಟವರಲ್ಲಿ ಅಮೀರ್ ಸಾಬ್ ಒಬ್ಬರು. ಆರೋಗ್ಯಮ್ಮ ಬಂದು ಅಮ್ಮನ ಪಕ್ಕ ಸಂಜೆಯವರೆಗೂ ಕೂತಿದ್ದರು. ಅವತ್ತಾದರೂ ಹೇಳಬಹುದಿತ್ತು. ಅಪ್ಪನ ಹೆಸರು ಕೆಡಿಸಬಾರದೆಂದು ಒಂದು ಹೊಸ ನೆಪ ಹುಡುಕಿಕೊಂಡೆ.

ಈ ವರ್ಷ ಮಳೆ ಮತ್ತೆ ಹಾಗೇ ಹಿಡಿಯಿತು. ಕೆರೆ ಕೋಡಿ ಬಿದ್ದ ಸುದ್ದಿ, ಅದರ ಹಿಂದೆಯೇ ಆರೋಗ್ಯಮ್ಮ ಹೋದ ಸುದ್ದಿ ಫೋನಿನಲ್ಲಿ ಬಂತು. ಮಣ್ಣು ಮುಳಬಾಗಿಲಿನಲ್ಲಿ ಎಂದಾಗ ನನಗೆ ಎಲ್ಲ ತಿಳಿದುಹೋಯಿತು. ಟ್ರಂಕು ತೆಗೆದು ನಕಾಶೆಯನ್ನು ಬ್ಯಾಗಿಗೆ ಹಾಕಿಕೊಂಡೇ ಬಸ್ಸು ಹತ್ತಿದ್ದೆ.

ಮೇರಿ ಆಚೆ ಹೋದ ಮೇಲೆ ಗೇಟಿನ ಬಳಿ ಕಲ್ಲಿನ ಮೇಲೆ ಕೂತಿದ್ದ ಅಮೀರ್ ಸಾಬರ ಕೈಗೆ ಕೊಟ್ಟೆ. ಈಗ ಅವರಿಗೆ ಕಣ್ಣು ಮಂದ. ಬೆರಳಿನಿಂದ ಗೆರೆ ತೋರಿಸಿದೆ, ಹುಳುಮನೆ ತೋರಿಸಿದೆ. ಮಡಿಕೆ ಹರಿಯದಂತೆ ಹುಷಾರಾಗಿ ಹಿಡಿದುಕೊಂಡು ಕಣ್ಣಿನ ಹತ್ತಿರ ತಂದು ನೋಡಿದರು.

"ಆಗ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಸಾಬ್. ಹರಿದುಹೋಗಿದೆ ಅಂದ ದಿನ ನನ್ನ ಬ್ಯಾಗಲ್ಲೇ ಇತ್ತು."

"ಆ ಏರಿ ಮೇಲೆ ಸುತ್ತಿ ಮೂರು ಹೆಣ ಹೊತ್ತಿದ್ದೀನಿ ರತ್ನಮ್ಮ," ಎಂದರು. "ಒಂದು ನನ್ನ ಮಗಳದ್ದು."

ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವರು ಬೈಯಲಿಲ್ಲ. ನಕಾಶೆಯನ್ನು ಮಡಿಸಿ ನನಗೇ ವಾಪಸ್ ಕೊಟ್ಟರು.

"ನಾವು ಎತ್ತಿದ್ರೆ ಊರಲ್ಲಿ ಬೇರೆ ಥರ ಆಗ್ತದೆ. ಸಾಬರು ಗೌಡ್ರ ಜಮೀನಿಗೆ ಬಂದ್ರು ಅಂತಾರೆ. ಮೊದ್ಲು ನಿನ್ನ ತಮ್ಮನಿಗೆ ನೀನೇ ಹೇಳು. ಹೇಳಿ ಆಮೇಲೆ ನನ್ನ ಹತ್ರ ಬಾ."

ಅಲ್ಲಿಂದ ನೇರ ಊರಿಗೆ ಹೋದೆ. ಮಳೆ ನಿಂತು ಬಿಸಿಲು ಬಂದಿತ್ತು. ಹುಳುಮನೆಯ ಬಾಗಿಲಿಗೆ ಹೋಗುತ್ತಿದ್ದಂತೆ ತಮ್ಮನ ಹೆಂಡತಿ ಓಡಿಬಂದಳು. "ಅಕ್ಕ, ಅಲ್ಲೇ ನಿಂತ್ಕೊಳ್ಳಿ. ಮಣ್ಣಿಗೆ ಹೋಗಿ ಬಂದಿದ್ದೀರ. ಒಳಗೆ ಬರಬೇಡಿ."

ನಿಂತೆ. ನಾನು ಹುಟ್ಟಿ ಬೆಳೆದ ಮನೆಯ ಹುಳುಮನೆ. ಹೊಸಿಲಿನ ಆಚೆ ತಮ್ಮ ಮಂಜುನಾಥ ಸುಣ್ಣದ ಬುಟ್ಟಿ ಹಿಡಿದು ಬಂದ. ಹೊರಗೆ ನಿಂತೇ ಅವನಿಗೆ ಎಲ್ಲ ಹೇಳಿದೆ. ನಕಾಶೆ ಬಿಚ್ಚಿ ತೋರಿಸಿದೆ. ನೀನು ನಿಂತಿರುವ ನೆಲವೇ ಆ ದಾರಿ ಎಂದೆ.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನಂಗೂ ಗೊತ್ತಿತ್ತು."

ಅವನು ಹಿಂದಕ್ಕೆ ತಿರುಗಿ ಸಾಲುಸಾಲು ತಟ್ಟೆಗಳನ್ನು ನೋಡಿದ. ಒಳಗೆ ಸದ್ದಿಲ್ಲ. ಮೇಯುವ ಹುಳುವಾಗಿದ್ದರೆ ಸಣ್ಣ ಮಳೆ ಬಿದ್ದಂಥ ಸದ್ದು ಇರುತ್ತದೆ.

"ನಾಲ್ಕನೇ ಜ್ವರದಲ್ಲಿ ಅವೆ ಅಕ್ಕ," ಎಂದ. "ಈಗ ಬೇಡ. ಗೂಡು ಆಗ್ಲಿ, ಆಮೇಲೆ ನೋಡೋಣ."

ಅವನ ಮೇಲೆ ಕೋಪ ಬರಲಿಲ್ಲ. ಅಪ್ಪನ ಬಾಯಿಂದ ಇದೇ ಮಾತು ಕೇಳಿ ಒಪ್ಪಿಕೊಂಡವಳು ನಾನು. ಅವನೊಡನೆ ವಾದ ಮಾಡದೆ ಹುಣಸೆಮರದ ಕೆಳಗೆ ಹೋಗಿ ಕೂತೆ. ಬ್ಯಾಗಿನಿಂದ ಬಿಳಿ ಹಾಳೆ ತೆಗೆದು, ತೊಡೆಯ ಮೇಲೆ ಫೈಲು ಇಟ್ಟುಕೊಂಡು ಅರ್ಜಿ ಬರೆದೆ. ಅರ್ಜಿದಾರರು ಎಂಬಲ್ಲಿ ನನ್ನ ಹೆಸರು, ವೆಂಕಟೇಗೌಡರ ಮಗಳು ಎಂದೂ ಸೇರಿಸಿದೆ. ನಕಾಶೆಯಲ್ಲಿ ಕಂಡ ಗಾಡಿದಾರಿ ನಮ್ಮ ತೋಟದಲ್ಲಿ, ನಮ್ಮ ಹುಳುಮನೆಯ ಕೆಳಗೆ ಇದೆ, ಅದನ್ನು ಬಿಡಿಸಿ ಕೊಡಬೇಕು ಎಂದು ಬರೆದೆ. ಇದು ಒಂಬತ್ತು ವರ್ಷದಿಂದ ನನಗೆ ಗೊತ್ತಿತ್ತು ಎಂದೂ ಬರೆದೆ.

ಮಂಜು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬರೆದು ಮುಗಿಸಲು ಕಾಲು ಗಂಟೆಯೂ ಹಿಡಿಯಲಿಲ್ಲ. ಆರೋಗ್ಯಮ್ಮನನ್ನು ಮುಳಬಾಗಿಲಿನಲ್ಲಿ ಮಣ್ಣು ಮಾಡಿ ಆಗಲೇ ಮೂರು ಗಂಟೆ ಕಳೆದಿತ್ತು.